ಅಲುಗದ ನೀರು: ಅಲ್‌ಹಂಬ್ರದ ಅಂಗಳದಲ್ಲಿ ಕೊಳವೇಕೆ?

ಪ್ರಶ್ನೆ: ಸ್ಪೇನಿನ ಅಲ್‌ಹಂಬ್ರ ಅರಮನೆಯ ಚಿತ್ರಗಳಲ್ಲಿ ಅಂಗಳದ ನಡುವೆ ಉದ್ದನೆಯ ಕೊಳವೊಂದು ಕಾಣುತ್ತದೆ. ಅದು ಸ್ನಾನಕ್ಕೋ, ನಮ್ಮ ತೊಟ್ಟಿಮನೆಗಳಂತೆ ಮಳೆನೀರಿಗೋ, ಬೇಸಿಗೆಯ ತಂಪಿಗೋ, ಬರಿಯ ಅಂದಕ್ಕೋ?

ಉತ್ತರ: ಮೊದಲ ಎರಡನ್ನು ಈಗಲೇ ಬದಿಗಿಡಬಹುದು. ಸ್ನಾನಕ್ಕೆಂದು ಅದೇ ಅರಮನೆಯ ಪಕ್ಕದಲ್ಲಿ ಬೇರೆಯೇ ಹಮಾಮು ಇದೆ. ನೆಲದಡಿಯಲ್ಲಿ ಒಲೆಯ ಬಿಸಿ ಹಾಯಿಸಿ, ಚಾವಣಿಯಲ್ಲಿ ನಕ್ಷತ್ರದಾಕಾರದ ಬೆಳಕಿಂಡಿಗಳನ್ನು ಬಿಟ್ಟು ಕಟ್ಟಿದ ಹಬೆಮನೆ ಅದು. ಮಳೆ ಬಂದಾಗ ಕೊಳಕ್ಕೂ ಬೀಳುತ್ತದೆ, ನಿಜ; ಆದರೆ ಅದನ್ನು ನಂಬಿ ಕೊಳ ಕಟ್ಟಿದವರಲ್ಲ ಅವರು. ನೀರು ಬರುತ್ತಿದ್ದುದು ನದಿಯಿಂದ, ಅದೂ ಮೈಲುಗಟ್ಟಲೆ ಮೇಲಿನ ಜಾಗದಿಂದ. ಇನ್ನು ತಂಪು ಮತ್ತು ಅಂದ ಎರಡೂ ಅರ್ಧ ಉತ್ತರಗಳು. ಆ ಕೊಳ ಮುಖ್ಯವಾಗಿ ಒಂದು ಕನ್ನಡಿ. ಕವಿಗಳ ಹೋಲಿಕೆಯಾಗಿ ಈ ಮಾತನ್ನು ಹೇಳುತ್ತಿಲ್ಲ. ಅದರ ಅಳತೆ, ಅಂಚು, ನೀರು ಒಳಗೆ ಬರುವ ದಾರಿ ಎಲ್ಲವೂ ಕನ್ನಡಿಯ ಕೆಲಸಕ್ಕೆಂದೇ ರೂಪುಗೊಂಡವು.

ಜಾಗ ಯಾವುದೆಂದು ಮೊದಲು ಗುರುತಿಸಿಕೊಳ್ಳೋಣ. ದಕ್ಷಿಣ ಸ್ಪೇನಿನ ಗ್ರನಾಡಾ ಊರಿನ ಮೇಲೆ ಸಬೀಕಾ ಎಂಬ ಗುಡ್ಡವಿದೆ. ಅದರ ಮೇಲಿನ ಕೋಟೆ, ಅರಮನೆಗಳ ಸಮೂಹವೇ ಅಲ್‌ಹಂಬ್ರ. ಅರಬ್ಬಿಯಲ್ಲಿ ‘ಕೆಂಪನೆಯದು’ ಎಂದು ಅರ್ಥ. ನೀವು ಕೇಳುತ್ತಿರುವುದು ಅದರೊಳಗಿನ ಕೊಮಾರೆಸ್ ಅರಮನೆಯ ಅಂಗಳದ ಬಗ್ಗೆ. ಇಂದಿನ ಹೆಸರು ಪಾತಿಯೊ ದೆ ಲೋಸ್ ಅರ್ರಾಯಾನೆಸ್, ಮಿರ್ಟಲ್ ಗಿಡಗಳ ಅಂಗಳ. ಸ್ಪೇನಿನ ಮುಸ್ಲಿಮರನ್ನು ‘ಮೂರ್’ ಎಂದು, ಇದನ್ನೆಲ್ಲ ‘ಮೂರಿಶ್’ ಎಂದು ಕರೆಯುವುದು ಯುರೋಪಿನವರ ರೂಢಿ. ಕಟ್ಟಿದವರು ತಮ್ಮನ್ನು ‘ಮೂರ್’ ಎಂದು ಕರೆದುಕೊಳ್ಳಲಿಲ್ಲ. ಅವರು 1238ರಿಂದ 1492ರವರೆಗೆ ಗ್ರನಾಡಾವನ್ನು ಆಳಿದ ನಸ್ರೀ ವಂಶದ ಸುಲ್ತಾನರು.

ಅಂಗಳದ ಉದ್ದ 36.6 ಮೀಟರ್, ಅಗಲ ಸುಮಾರು 23.5 ಮೀಟರ್. ಕೊಳ 34 ಮೀಟರ್ ಉದ್ದ, 7.1 ಮೀಟರ್ ಅಗಲ. ಲೆಕ್ಕ ಹಾಕಿದರೆ ಅಂಗಳದ ಕಾಲುಭಾಗಕ್ಕಿಂತ ಹೆಚ್ಚು ಬರಿಯ ನೀರೇ. ಉತ್ತರ ಮತ್ತು ದಕ್ಷಿಣದ ಕಿರಿಬದಿಗಳಲ್ಲಿ ಏಳೇಳು ಕಮಾನುಗಳ ಕೈಸಾಲೆಗಳು, ತೆಳ್ಳನೆಯ ಅಮೃತಶಿಲೆಯ ಕಂಬಗಳು, ಅವುಗಳ ಮೇಲೆ ಜರಡಿಯಂತೆ ಕೊರೆದ ಗಾರೆ. ಉದ್ದಬದಿಗಳ ಗೋಡೆಗಳು ಮಾತ್ರ ಹೆಚ್ಚುಕಡಿಮೆ ಬೋಳು. ಅಲಂಕಾರವೆಲ್ಲ ಎರಡು ತುದಿಗೆ ಸೇರಿ, ನಡುವೆ ನೀರು ಚಾಚಿಕೊಂಡಿದೆ. ಉತ್ತರದ ಕೈಸಾಲೆಯ ಹಿಂದೆ ಕೊಮಾರೆಸ್ ಬುರುಜು 45 ಮೀಟರ್ ಎತ್ತರಕ್ಕೆ ಎದ್ದಿದೆ. (ಬುರುಜು ಎಂಬ ನಮ್ಮ ಮಾತೂ ಅರಬ್ಬಿಯದೇ, ಇದನ್ನು ಕಟ್ಟಿದವರ ಬಾಯಲ್ಲಿ ಇದು ‘ಬುರ್ಜ್’.) ಕೊಳದ ದಕ್ಷಿಣದ ಅಂಚಿಗೆ ನಿಂತು ಕೆಳಗೆ ನೋಡಿದರೆ ಆ ಬುರುಜು ತಲೆಕೆಳಗಾಗಿ ನಿಮ್ಮತ್ತಲೇ ಬೆಳೆದು ಬಂದಿರುತ್ತದೆ, ಅದರ ತುದಿ ನಿಮ್ಮ ಪಾದದಿಂದ ಎರಡು ಮೂರು ಹೆಜ್ಜೆಯಾಚೆ.

ನೀರು ನಿಂತಿರುವ ಕಡೆ ಪ್ರತಿಬಿಂಬ ಮೂಡಿಯೇ ಮೂಡುತ್ತದೆ, ಅದರಲ್ಲೇನು ವಿಶೇಷ ಎನ್ನಬಹುದು. ವಿಶೇಷ ಇರುವುದು ಆ ನೀರು ನಿಂತದ್ದಲ್ಲ ಎಂಬಲ್ಲಿ. ನಿಂತ ನೀರು ಗ್ರನಾಡಾದ ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಪಾಚಿಗಟ್ಟಿ ನಾರುತ್ತದೆ. ಆದ್ದರಿಂದ ಹೊಸ ನೀರು ಬರುತ್ತಲೇ ಇರಬೇಕು, ಹಳೆಯದು ಹೋಗುತ್ತಲೇ ಇರಬೇಕು. ಆದರೆ ನೀರು ಬಿದ್ದಲ್ಲಿ ಅಲೆ ಏಳುತ್ತದೆ, ಅಲೆ ಎದ್ದರೆ ಕನ್ನಡಿ ಒಡೆಯುತ್ತದೆ. ಈ ಬಿಕ್ಕಟ್ಟಿಗೆ ಅಲ್ಲಿನ ಕೆಲಸಗಾರರು ಕಂಡುಕೊಂಡ ಪರಿಹಾರ ನನಗೆ ಇಡೀ ಅರಮನೆಯಲ್ಲೇ ಅತಿ ಮೆಚ್ಚುಗೆಯದು. ಪ್ರವಾಸಿಗಳು ಅದನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಕೊಳದ ಎರಡು ತುದಿಯಲ್ಲೂ ನೆಲದ ಮಟ್ಟಕ್ಕೇ ಕೂಡಿಸಿದ ಅಮೃತಶಿಲೆಯ ದುಂಡು ಬೋಗುಣಿಗಳಿವೆ. ಅವುಗಳ ನಡುವೆ ನೀರು ಚಿಮ್ಮುವುದಿಲ್ಲ, ಗುಳುಗುಳು ಉಕ್ಕುತ್ತದೆಯಷ್ಟೆ. ಉಕ್ಕಿದ ನೀರು ಬೋಗುಣಿಯಲ್ಲಿ ಹರಡಿ ತನ್ನ ವೇಗವನ್ನು ಕಳೆದುಕೊಳ್ಳುತ್ತದೆ; ಅಲ್ಲಿಂದ ಕಿರಿದಾದ ಕಾಲುವೆಯೊಂದರಲ್ಲಿ ಹರಿದು ಕೊಳಕ್ಕೆ ಜಾರಿಕೊಳ್ಳುತ್ತದೆ. ಕಾರಂಜಿಯ ಸದ್ದು ಕಿವಿಗೆ ಸಿಗುತ್ತದೆ, ಅದರ ಅಲೆ ಕೊಳಕ್ಕೆ ಸಿಗುವುದಿಲ್ಲ. ಕೊಳವೂ ನೆಲದ ಮಟ್ಟದವರೆಗೆ ತುಂಬಿರುವುದರಿಂದ ಗುಂಡಿಯಂತೆ ಕಾಣದೆ ಹಾಸಿದ ಹಾಳೆಯಂತೆ ಕಾಣುತ್ತದೆ.

ಆ ನೀರು ಗುಡ್ಡ ಹತ್ತಿದ್ದು ಹೇಗೆ? ದಾರ್ರೊ ನದಿ ಹರಿಯುವುದು ಗುಡ್ಡದ ಬುಡದಲ್ಲಿ, ಅರಮನೆಗಿಂತ ಎಷ್ಟೋ ಕೆಳಗೆ. ವಂಶದ ಮೂಲಪುರುಷ ಒಂದನೆಯ ಮುಹಮ್ಮದ್ ಅರಮನೆಯ ಅಂದಚೆಂದಕ್ಕಿಂತ ಮೊದಲು ಕೈಹಾಕಿದ್ದು ನೀರಿಗೆ. ನದಿಯ ಮೇಲ್ಭಾಗಕ್ಕೆ ಸುಮಾರು ಆರು ಕಿಲೋಮೀಟರ್ ಹೋಗಿ, ಗುಡ್ಡಕ್ಕಿಂತ ಎತ್ತರದ ಜಾಗದಲ್ಲಿ ಒಡ್ಡು ಕಟ್ಟಿ, ಅಲ್ಲಿಂದ ಇಳಿಜಾರನ್ನು ಅಳೆದು ಅಳೆದು ನಾಲೆ ತಂದರು. ಯಂತ್ರವಿಲ್ಲ, ಪಂಪಿಲ್ಲ, ನೀರು ತನ್ನ ಭಾರಕ್ಕೆ ತಾನೇ ಇಳಿದು ಬಂತು. ಅದಕ್ಕೆ ಸ್ಪ್ಯಾನಿಷಿನಲ್ಲಿ ಇಂದಿಗೂ ‘ಅಸೆಕಿಯಾ ರೆಯಾಲ್’, ರಾಜನಾಲೆ, ಎಂದೇ ಹೆಸರು. ಅಸೆಕಿಯಾ ಎಂಬುದು ಅರಬ್ಬಿಯ ‘ಅಸ್ಸಾಕಿಯಾ’. ಕೊಳಕ್ಕೆ ಸ್ಪೇನಿನವರು ಹೇಳುವ ‘ಅಲ್ಬೆರ್ಕಾ’ ಕೂಡ ಅರಬ್ಬಿಯ ‘ಅಲ್‌ಬಿರ್ಕಾ’. ಗೆದ್ದವರು ರಾಜ್ಯವನ್ನು ಕಿತ್ತುಕೊಂಡರು, ನೀರಿನ ಮಾತುಗಳನ್ನು ಮಾತ್ರ ಸೋತವರಿಂದ ಕಲಿತು ಇಟ್ಟುಕೊಂಡರು.

ತಂಪಿನ ವಿಷಯಕ್ಕೆ ಹೆಚ್ಚು ಜಾಗ ಬೇಕಿಲ್ಲ. ಹೂಜಿಯ ನೀರು ಏಕೆ ತಣ್ಣಗಿರುತ್ತದೆಂದು ಗೊತ್ತಿದ್ದವರಿಗೆ ಇದೂ ಗೊತ್ತು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ, ಒಣಹವೆಯ ಊರಿನಲ್ಲಿ ಇನ್ನೂ ಚೆನ್ನಾಗಿ.

ಕನ್ನಡಿಯೇ ಏಕೆ ಬೇಕಿತ್ತು ಎಂಬುದಕ್ಕೆ ಚರಿತ್ರೆಯನ್ನು ನೋಡಬೇಕು. ಗ್ರನಾಡಾ ದೊಡ್ಡ ಸಾಮ್ರಾಜ್ಯವಾಗಿರಲಿಲ್ಲ. ಐಬೀರಿಯಾದಲ್ಲಿ, ಅಂದರೆ ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ಇರುವ ನೆಲದಲ್ಲಿ, ಉಳಿದುಕೊಂಡ ಕೊನೆಯ ಮುಸ್ಲಿಂ ರಾಜ್ಯ ಅದು, ಉತ್ತರದ ಕ್ರೈಸ್ತ ರಾಜ್ಯವಾದ ಕ್ಯಾಸ್ಟೀಲ್‌ನ ದೊರೆಗಳಿಗೆ ಬಹುಕಾಲ ಕಪ್ಪ ಕೊಡುತ್ತಿತ್ತು. 1248ರಲ್ಲಿ ಕ್ಯಾಸ್ಟೀಲ್ ಸೆವಿಲ್ ನಗರವನ್ನು ಮುತ್ತಿ ಗೆದ್ದಾಗ ಒಂದನೆಯ ಮುಹಮ್ಮದ್ ತನ್ನ ಧರ್ಮದವರ ವಿರುದ್ಧವೇ ಕ್ಯಾಸ್ಟೀಲಿಗೆ ಸೈನ್ಯ ಒದಗಿಸಬೇಕಾಯಿತು. ಆ ವಂಶದ ಘೋಷವಾಕ್ಯ ‘ದೇವರ ಹೊರತು ಗೆಲ್ಲುವವನಿಲ್ಲ’ ಎಂಬುದು. ಗೋಡೆಗಳ ಮೇಲೆಲ್ಲ ಅದೇ ಮರುಮರಳಿ ಬರುತ್ತದೆ. ಸೆವಿಲ್‌ನ ಸಂಗತಿ ಗೊತ್ತಿದ್ದು ಓದಿದರೆ ಅದರಲ್ಲಿ ಒಂದಿಷ್ಟು ನಿಟ್ಟುಸಿರೂ ಕೇಳುತ್ತದೆ. ಅರಮನೆಯ ಸರಕು ಕೂಡ ಶ್ರೀಮಂತರದಲ್ಲ. ಇಟ್ಟಿಗೆ, ದಮ್ಮಸು ಮಾಡಿದ ಮಣ್ಣಿನ ಗೋಡೆ, ಮರ, ಗಾರೆ. ಅಮೃತಶಿಲೆ ಕಂಬ, ಬೋಗುಣಿಗಳಂಥ ಕೆಲವೆಡೆ ಮಾತ್ರ. ಇಂಥ ಸರಕಿನಿಂದ ದೊಡ್ಡ ದೊರೆತನವನ್ನು ತೋರಿಸಬೇಕೆಂದರೆ ಕೈಚಳಕ ಬೇಕು. ಒಂದು ಕಟ್ಟಡವನ್ನು ಕಟ್ಟಿ ಎರಡನ್ನು ತೋರಿಸುವ ಅಗ್ಗದ ಉಪಾಯ ನೀರಿಗಿಂತ ಬೇರೆ ಯಾವುದಿದೆ?

ಈ ಕೊಮಾರೆಸ್ ಅರಮನೆಯನ್ನು ಮೂರು ತಲೆಮಾರು ಕಟ್ಟಿತು. ಒಂದನೆಯ ಇಸ್ಮಾಯಿಲ್ ಆರಂಭಿಸಿದ, ಅವನ ಮಗ ಒಂದನೆಯ ಯೂಸುಫ್ (1333–1354) ಬುರುಜನ್ನು ಎತ್ತಿಸಿದ, ಮೊಮ್ಮಗ ಐದನೆಯ ಮುಹಮ್ಮದ್ ಮುಗಿಸಿದ. ಮೊದಲಿಬ್ಬರೂ ಕೊಲೆಯಾದರು, ಮೂರನೆಯವನು ಪಟ್ಟ ಕಳೆದುಕೊಂಡು ಮೂರು ವರ್ಷ ದೇಶಾಂತರದಲ್ಲಿದ್ದು 1362ರಲ್ಲಿ ಮರಳಿದ. ಆ ನಿಶ್ಚಲ ನೀರಿನ ಸುತ್ತ ನಡೆದ ಬದುಕು ಅಷ್ಟೇನೂ ನಿಶ್ಚಲವಾಗಿರಲಿಲ್ಲ. 1369ರಲ್ಲಿ, ಕ್ಯಾಸ್ಟೀಲ್ ಒಳಜಗಳದಲ್ಲಿ ನಲುಗಿದ್ದ ಹೊತ್ತು ನೋಡಿ, ಐದನೆಯ ಮುಹಮ್ಮದ್, ಅಲ್ಹೆಸಿರಾಸ್ ಎಂಬ ಬಂದರನ್ನು ಗೆದ್ದ. ಆಸ್ಥಾನಕವಿ ಇಬ್ನ್ ಝಮ್ರಕ್ ಆ ಗೆಲುವನ್ನು ಹೊಗಳಿ ಬರೆದ ಪದ್ಯ ಉತ್ತರದ ಕೈಸಾಲೆಯ ಗೋಡೆಯಲ್ಲಿ ಕೆತ್ತನೆಯಾಗಿದೆ.

ಹೊರರಾಜ್ಯದ ದೂತನೊಬ್ಬನನ್ನು ಊಹಿಸಿಕೊಳ್ಳಿ. ಅವನು ನೇರವಾಗಿ ಈ ಅಂಗಳಕ್ಕೆ ಬರುವಂತಿಲ್ಲ. ಪಕ್ಕದ ಚಿಕ್ಕ ಅಂಗಳದಲ್ಲಿ ಒಂದೇ ಥರದ ಎರಡು ಬಾಗಿಲುಗಳ ಎದುರು ನಿಲ್ಲಬೇಕು. ಎಡಬಾಗಿಲಿನಿಂದ ಒಳಹೊಕ್ಕರೆ ಮುರಿಮುರಿದು ತಿರುಗುವ ಕತ್ತಲ ಓಣಿ. ಅದು ಮುಗಿದದ್ದೇ ಬೆಳಕು, ಆಕಾಶ, ನೀರಿನೊಳಗೊಂದು ಬುರುಜು. ಬುರುಜಿನೊಳಗೆ 11 ಮೀಟರಿನಷ್ಟು ಅಗಲದ ಚೌಕ ಸಭಾಂಗಣ. ಅದರ ಮೇಲೆ 8,017 ಮರದ ತುಂಡುಗಳನ್ನು ಜೋಡಿಸಿ ಏಳು ಸ್ವರ್ಗಗಳನ್ನು ತೋರಿಸಿದ ಚಾವಣಿ. ಸುಲ್ತಾನ ಕೂರುತ್ತಿದ್ದುದು ಬಾಗಿಲಿಗೆ ಎದುರಾಗಿ, ಕಿಟಕಿಗೆ ಬೆನ್ನು ಮಾಡಿ. ಬಂದವನಿಗೆ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಅವನಿಗೆ ಬಂದವನ ಮುಖ ಚೆನ್ನಾಗಿ ಕಾಣುತ್ತಿತ್ತು.

ಸೊಲೊಮನ್ ದೊರೆಯ ಅರಮನೆಗೆ ಬಂದ ಶೀಬಾ ರಾಣಿ ಗಾಜಿನ ನೆಲವನ್ನು ನೀರೆಂದು ಬಗೆದು ಉಡುಪನ್ನು ಮೇಲೆತ್ತಿದಳೆಂಬ ಕಥೆ ಕುರ್‌ಆನಿನ 27ನೆಯ ಅಧ್ಯಾಯದಲ್ಲಿದೆ. ಕನ್ನಡದ ಓದುಗರಿಗೆ ಇಲ್ಲಿ ಮಯಸಭೆ ನೆನಪಾಗದೆ ಇರದು. ಅಲ್ಲಿ ದುರ್ಯೋಧನ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಎಣಿಸಿ ತೊಯ್ದು ತೊಪ್ಪೆಯಾದ. ಎರಡು ಕಥೆಗಳಿಗೆ ನಂಟು ಕಟ್ಟಲು ನಾನು ಹೋಗುವುದಿಲ್ಲ. ಆದರೆ ಅಲ್‌ಹಂಬ್ರದ ಕವಿಗಳಿಗೆ ಈ ಮರುಳು ಬಹಳ ಪ್ರಿಯವಾಗಿತ್ತು. ಪಕ್ಕದ ಸಿಂಹಗಳ ಅಂಗಳದ ಕಾರಂಜಿಯ ಮೇಲೆ ಇದೇ ಇಬ್ನ್ ಝಮ್ರಕ್, ಹರಿಯುತ್ತಿರುವುದು ನೀರೋ ಕಲ್ಲೋ ತಿಳಿಯದು ಎಂಬರ್ಥದ ಸಾಲನ್ನು ಬರೆದಿದ್ದಾನೆ.

ಹೆಸರು ಕೊಟ್ಟ ಗಿಡದ ಬಗ್ಗೆ ಒಂದು ಮಾತು. ಕೊಳದ ಎರಡೂ ಪಕ್ಕ ಕತ್ತರಿಸಿ ನಿಲ್ಲಿಸಿದ ಹಸಿರು ಬೇಲಿಯೇ ಮಿರ್ಟಲ್. ಎಲೆಯನ್ನು ಹೊಸಕಿದರೆ ಕಂಪು. ನಮ್ಮ ನೆಲದ ಗಿಡವಲ್ಲ, ಆದರೆ ನೇರಳೆ, ಸೀಬೆ, ಲವಂಗ, ನೀಲಗಿರಿ ಎಲ್ಲವೂ ಅದರ ದಾಯಾದಿಗಳೇ. ಸಸ್ಯಶಾಸ್ತ್ರಜ್ಞರು ಆ ಇಡೀ ಕುಟುಂಬಕ್ಕೆ ಇಟ್ಟಿರುವುದು ಮಿರ್ಟಲ್‌ನ ಹೆಸರನ್ನು. 1526ರಲ್ಲಿ ಇಲ್ಲಿಗೆ ಬಂದ ವೆನಿಸಿನ ರಾಯಭಾರಿ ಆಂದ್ರೆಯಾ ನವಜೇರೊ ಮಿರ್ಟಲ್ ಬೇಲಿಯ ಜೊತೆಗೆ ಕೆಲವು ಕಿತ್ತಳೆ ಮರಗಳನ್ನೂ ಕಂಡಿದ್ದ.

1492ರ ಜನವರಿ 2ರಂದು ಕೊನೆಯ ಸುಲ್ತಾನ ಹನ್ನೆರಡನೆಯ ಮುಹಮ್ಮದ್ ಅರಮನೆಯನ್ನು ಕ್ಯಾಸ್ಟೀಲ್‌ನ ರಾಣಿ ಇಸಬೆಲ್ಲಾ ಮತ್ತು ಅವಳ ಗಂಡ ಫರ್ಡಿನಾಂಡರಿಗೆ ಒಪ್ಪಿಸಿದ. ಗೆದ್ದವರು ಇದನ್ನು ಕೆಡವದೆ ತಾವೇ ಬಳಸಿದರು. ಅವರ ಮೊಮ್ಮಗ ಐದನೆಯ ಚಾರ್ಲ್ಸ್ ಮಾತ್ರ 1527ರಿಂದ ಕೊಳದ ದಕ್ಷಿಣಕ್ಕೆ ಒತ್ತಿಕೊಂಡು ತನ್ನದೇ ಕಲ್ಲಿನ ಅರಮನೆಯನ್ನು ಕಟ್ಟಿಸತೊಡಗಿದ; ದಕ್ಷಿಣದ ಕೈಸಾಲೆಯ ಹಿಂದಿದ್ದ ಕೋಣೆಗಳು ಅದಕ್ಕೆ ಬಲಿಯಾದವು. ಪೆದ್ರೊ ಮಚುಕಾ ಎಂಬ ವಾಸ್ತುಶಿಲ್ಪಿಯ ಆ ಕಟ್ಟಡ ತನ್ನಷ್ಟಕ್ಕೆ ಚೆಂದವೇ, ಅದರ ದುಂಡನೆಯ ಅಂಗಳವಂತೂ ನೋಡತಕ್ಕದ್ದು. ಆದರೆ ಮೆಲುದನಿಯ ಮಾತಿನ ನಡುವೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಅದು ಅಲ್ಲಿ ನಿಂತಿದೆ.

ಅಲ್ಲಿಗೆ ಹೋದವರು ಸಾಮಾನ್ಯವಾಗಿ ದಕ್ಷಿಣದ ತುದಿಯಿಂದ ಬುರುಜಿನ ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಉತ್ತರದ ತುದಿಗೂ ನಡೆದು, ಸುಲ್ತಾನನ ಕಡೆಯಿಂದ ತಿರುಗಿ ನೋಡಿ. ಎದುರಿನ ಕೈಸಾಲೆಯ ಸೂರಿನ ಮೇಲೆ ಚಾರ್ಲ್ಸ್‌ನ ಅರಮನೆಯ ದಪ್ಪಗೋಡೆ ಇಣುಕುತ್ತಿರುತ್ತದೆ. ಗಾಳಿ ಇಲ್ಲದ ಹೊತ್ತಾದರೆ ನಸ್ರೀ ಕೊಳದ ನೀರಿನಲ್ಲಿ ಅದೂ ತಲೆಕೆಳಗಾಗಿ ನಿಂತಿರುತ್ತದೆ.