'ಕೇಳಿದರೆ ಕೊಡುತ್ತೇವೆ' ಎನ್ನುವ ಭಾಷಾ ಕಾನೂನು

ಅಲ್ಪಸಂಖ್ಯಾತ ಭಾಷೆಯೊಂದರ ರಕ್ಷಣೆಗೆ ತಂದ ಮಸೂದೆ ಕೈಗೆ ಬಂದರೆ ಪೀಠಿಕೆ ಓದುತ್ತ ಕೂರಬೇಡಿ. ಪರಂಪರೆ, ವೈವಿಧ್ಯ, ಅಸ್ಮಿತೆ ಎಲ್ಲವೂ ಅಲ್ಲಿ ಇದ್ದೇ ಇರುತ್ತವೆ. ನೇರವಾಗಿ ಮೂರು ಕಡೆ ಕಣ್ಣು ಹಾಯಿಸಿ: ಎಷ್ಟು ಜನರಿದ್ದರೆ ಹಕ್ಕು ಅನ್ವಯಿಸುತ್ತದೆ, ಸೇವೆಗಾಗಿ ಮೊದಲು ಬಾಯಿ ತೆರೆಯಬೇಕಾದವರು ಯಾರು, ಕೊಡದಿದ್ದರೆ ಏನಾಗುತ್ತದೆ.

ಮೊದಲು ಸಂಖ್ಯೆ. ರೊಮೇನಿಯಾದಲ್ಲಿ ಸ್ಥಳೀಯ ಆಡಳಿತ ಅಲ್ಪಸಂಖ್ಯಾತರ ಭಾಷೆ ಬಳಸಬೇಕಾದರೆ ಅವರು ಆ ಊರಿನ ಶೇ. 20ರಷ್ಟಿರಬೇಕು. ಸ್ಲೊವಾಕಿಯಾದಲ್ಲೂ ಇದ್ದದ್ದು ಶೇ. 20, 2011ರ ತಿದ್ದುಪಡಿ ಅದನ್ನು 15ಕ್ಕೆ ಇಳಿಸಿತು, ಆದರೆ ಸತತ ಎರಡು ಜನಗಣತಿಗಳಲ್ಲಿ ಅಷ್ಟಿರಬೇಕೆಂದು ಕಟ್ಟು ಹಾಕಿತು. ಕ್ರೊಯೇಷಿಯಾ ಮೂರನೇ ಒಂದು ಭಾಗ ಕೇಳುತ್ತದೆ. ಭಾರತದಲ್ಲಿ ಮುಖ್ಯ ಪ್ರಕಟಣೆಗಳ ಅನುವಾದಕ್ಕೆ ಒಪ್ಪಿತ ಗೆರೆ ಶೇ. 15, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಶಿಕ್ಷಕರಿಗೆ ತರಗತಿಗೆ 10 ಇಲ್ಲವೇ ಶಾಲೆಗೆ 40 ಮಕ್ಕಳೆಂಬ ಸೂತ್ರ 1949ರಷ್ಟು ಹಳೆಯದು.

ಶೇಕಡಾವಾರು ಗೆರೆಯ ತೊಡಕು ಏನೆಂದರೆ, ಒಬ್ಬರೂ ಮನೆ ಬದಲಿಸದೆಯೇ ಹಕ್ಕು ಮಾಯವಾಗಬಹುದು. ಎರಡು ಪುರಸಭೆಗಳನ್ನು ವಿಲೀನ ಮಾಡಿದರೆ ಸಾಕು, ಶೇ. 22 ಇದ್ದದ್ದು 9 ಆಗುತ್ತದೆ. ಜನಗಣತಿಯ ನಮೂನೆ ಒಂದೇ ಮಾತೃಭಾಷೆ ಬರೆಸಿಕೊಂಡರೆ ಮನೆಯಲ್ಲಿ ಎರಡು ಭಾಷೆ ಆಡುವವರು ಬಹುಸಂಖ್ಯಾತರ ಲೆಕ್ಕಕ್ಕೆ ಜಾರುತ್ತಾರೆ. ಈ ವಿಷಯದಲ್ಲಿ ಫಿನ್ಲೆಂಡಿನ ಭಾಷಾ ಕಾನೂನು ಬಲು ಜಾಣತನದ್ದು. ಫಿನ್ನಿಷ್, ಸ್ವೀಡಿಷ್ ಎರಡರಲ್ಲಿ ಕಡಿಮೆ ಇರುವ ಭಾಷೆಯವರು ಪುರಸಭೆಯಲ್ಲಿ ಶೇ. 8 ಅಥವಾ 3,000 ಮಂದಿ ಇದ್ದರೆ ಅದು ದ್ವಿಭಾಷಾ ಪುರಸಭೆ. ಆ ಸ್ಥಾನ ಕಳೆದುಕೊಳ್ಳಬೇಕಾದರೆ ಮಾತ್ರ ಪ್ರಮಾಣ ಶೇ. 6ಕ್ಕಿಂತ ಕೆಳಗೂ ಸಂಖ್ಯೆ 3,000ಕ್ಕಿಂತ ಕೆಳಗೂ ಇಳಿಯಬೇಕು. ಸೇರುವ ಬಾಗಿಲು ಎಂಟರಲ್ಲಿ, ಹೊರಬೀಳುವ ಬಾಗಿಲು ಆರರಲ್ಲಿ. ನಡುವಿನ ಆ ಎರಡು ಅಂಕದಿಂದಾಗಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಪರಿಶೀಲನೆಯಲ್ಲಿ ಫಲಕ ಹಾಕುವುದು, ಕೀಳುವುದು ತಪ್ಪುತ್ತದೆ. ದೊಡ್ಡ ನಗರದಲ್ಲಿ ಪ್ರಮಾಣ ಕರಗಿದರೂ ತಲೆಯೆಣಿಕೆ ಕೈ ಹಿಡಿಯುತ್ತದೆ.

ಇಷ್ಟಾದರೂ ಸಂಖ್ಯೆಯೊಂದೇ ಸಾಲದು. ಕ್ರೊಯೇಷಿಯಾದ ವುಕೊವಾರ್‌ನಲ್ಲಿ 2011ರ ಗಣತಿಯಂತೆ ಸರ್ಬರು ಮೂರನೇ ಒಂದು ಭಾಗ ದಾಟಿದ್ದರು. 2013ರಲ್ಲಿ ಅವರ ಸಿರಿಲಿಕ್ ಲಿಪಿಯ ಫಲಕ ಹಾಕಿದಾಗ ಪ್ರತಿಭಟನಕಾರರು ಸುತ್ತಿಗೆ ಹಿಡಿದು ಬಂದರು. ಸರ್ಬರು–ಕ್ರೊಯಾಟರ ನಡುವಿನ ಯುದ್ಧದ ಗಾಯ ಆರದ ಊರಿನಲ್ಲಿ ಅಧಿಸೂಚನೆಯಿಂದಲೇ ಎಲ್ಲ ಮುಗಿಯುವುದಿಲ್ಲ.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಯಾರು ಮೊದಲು ಕೇಳಬೇಕು? ಕೌಂಟರಿನ ಮುಂದೆ ನಡೆಯುವುದನ್ನೇ ನೋಡಿ. ಪಿಂಚಣಿ ಅರ್ಜಿ ಹಿಡಿದ ಹಿರಿಯರೊಬ್ಬರು ತಮ್ಮ ಭಾಷೆಯ ನಮೂನೆ ಕೇಳುತ್ತಾರೆ. ಗುಮಾಸ್ತರು ಕಪಾಟು ತಡಕುತ್ತಾರೆ, ಸಿಕ್ಕಿದ್ದು ಹಿಂದಿನ ಆವೃತ್ತಿ, ಅದರಲ್ಲಿ ಎರಡು ಕಾಲಂ ಇಲ್ಲ. ಅನುವಾದಕರು ಜಿಲ್ಲಾ ಕಚೇರಿಯಲ್ಲಿದ್ದಾರೆ, ಬರುವ ವಾರ ಬನ್ನಿ ಎನ್ನುತ್ತಾರೆ. ಹಿಂದೆ ಸಾಲು ಬೆಳೆದಿದೆ, ಜನ ಗೊಣಗುತ್ತಿದ್ದಾರೆ. ಹಿರಿಯರು ಬಹುಸಂಖ್ಯಾತರ ಭಾಷೆಯ ನಮೂನೆಯನ್ನೇ ತುಂಬಿ ಹೋಗುತ್ತಾರೆ. ಮುಂದಿನ ಸಲ ಕೇಳುವುದೂ ಇಲ್ಲ. ವರ್ಷದ ಕೊನೆಗೆ ಕಚೇರಿಯ ವರದಿಯಲ್ಲಿ 'ಬೇಡಿಕೆ: ಶೂನ್ಯ'. ಆ ಶೂನ್ಯ ತೋರಿಸಿ ಹಣಕಾಸು ಇಲಾಖೆ ಅನುವಾದಕರ ಹುದ್ದೆ ರದ್ದು ಮಾಡುತ್ತದೆ. ಕಾನೂನು ಮುರಿದವರು ಯಾರೂ ಇಲ್ಲ, ಸೇವೆ ಮಾತ್ರ ಸತ್ತಿದೆ.

ಇದಕ್ಕೆ ಮದ್ದು ಕೆನಡಾದಲ್ಲಿದೆ. ಅಲ್ಲಿನ 1988ರ ಅಧಿಕೃತ ಭಾಷಾ ಕಾಯಿದೆಯಂತೆ, ಇಂಗ್ಲಿಷ್, ಫ್ರೆಂಚ್ ಎರಡೂ ಭಾಷೆಯಲ್ಲಿ ಸೇವೆ ಕೊಡಬೇಕಾದ ಕಚೇರಿ ತಾನಾಗಿಯೇ ಅದನ್ನು ಮುಂದಿಡಬೇಕು. 'ಹಲೋ, ಬೊಂಜೂರ್' ಎಂದು ಎರಡರಲ್ಲೂ ಸ್ವಾಗತಿಸುವುದು ಅದರ ಸರಳ ರೂಪ. ವೇಲ್ಸ್‌ನಲ್ಲಿ ವೆಲ್ಷ್ ಬಲ್ಲ ನೌಕರರು ಕಿತ್ತಳೆ ಬಣ್ಣದ ಬ್ಯಾಡ್ಜ್ ಧರಿಸುತ್ತಾರೆ. ಯಾರ ಹತ್ತಿರ ಹೋಗಬೇಕೆಂದು ದೂರದಿಂದಲೇ ತಿಳಿಯುತ್ತದೆ, ಕೇಳುವ ಸಂಕೋಚ ಉಳಿಯುವುದಿಲ್ಲ. ಖರ್ಚು ಅತಿ ಕಡಿಮೆ, ಆದರೂ ಇಂಥದ್ದು ಮಸೂದೆಗಳಲ್ಲಿ ಅಪರೂಪ.

ಪ್ರಾದೇಶಿಕ ಅಥವಾ ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಸನ್ನದಿನಲ್ಲೂ (1992) 'ಕೇಳಿದರೆ ಮಾತ್ರ' ಎಂಬ ಇದೇ ಬಿರುಕು ಇದೆ. ಸಹಿ ಹಾಕಿ ಅನುಮೋದಿಸುವ ದೇಶ ಆಯಾ ಭಾಷೆಗೆ ಅದರ 'ಭಾಗ 3'ರಿಂದ ಕನಿಷ್ಠ 35 ಅಂಶ ಆರಿಸಿಕೊಳ್ಳಬೇಕು. ಶಿಕ್ಷಣ ಮತ್ತು ಸಂಸ್ಕೃತಿಯಿಂದ ತಲಾ ಮೂರು ಕಡ್ಡಾಯ. ಶಿಕ್ಷಣದ ಆಯ್ಕೆಗಳು ಮೆಟ್ಟಿಲು ಮೆಟ್ಟಿಲಾಗಿವೆ: ಮೇಲಿನದು ಆ ಭಾಷೆಯಲ್ಲೇ ಶಿಕ್ಷಣ, ಕೆಳಗಿನದು 'ಕುಟುಂಬಗಳು ಕೋರಿದರೆ, ಸಂಖ್ಯೆ ಸಾಕಷ್ಟಿದೆ ಎನಿಸಿದರೆ'. ಕೆಳಗಿನ ಮೆಟ್ಟಿಲು ಹಿಡಿದ ಸರ್ಕಾರ ಏನೂ ಮಾಡದೆಯೂ ವರದಿ ತುಂಬಿಸಬಹುದು. ಹೀಗಾಗಿ ಎಷ್ಟು ಅಂಶ ಒಪ್ಪಿದ್ದಾರೆ ಎಂಬುದಕ್ಕಿಂತ ಯಾವ ಮೆಟ್ಟಿಲು ಎಂದು ನೋಡಬೇಕು.

ಮೂರನೆಯದಾದ ದಂಡದ ಮಾತು ಚಿಕ್ಕದು. 2011ರ ಕಾನೂನಿನಡಿ ವೇಲ್ಸ್‌ನ ಭಾಷಾ ಆಯುಕ್ತರು 5,000 ಪೌಂಡ್‌ವರೆಗೆ ದಂಡ ಹಾಕಬಹುದು. ದೊಡ್ಡ ಸಂಸ್ಥೆಗೆ ಅದು ಚಿಲ್ಲರೆ. ಆದರೂ ಪ್ರತಿ ದೂರಿಗೂ ತನಿಖೆ, ಉತ್ತರ, ಗಡುವು ಎಂದರೆ ಅಧಿಕಾರಿಗಳು ಎಚ್ಚರವಾಗಿರುತ್ತಾರೆ.

ನಿಜವಾದ ಕೊರತೆ ಜನರದ್ದು. ಕೊಡಲು ಸಿದ್ಧವಿದ್ದರೂ ಕೊಡಬಲ್ಲವರು ಇರುವುದಿಲ್ಲ. ಐರ್ಲೆಂಡ್ 2021ರ ತಿದ್ದುಪಡಿಯಲ್ಲಿ ನೇಮಕಾತಿಯನ್ನೇ ಹಿಡಿಯಿತು: 2030ರ ಕೊನೆಗೆ ಸಾರ್ವಜನಿಕ ಸಂಸ್ಥೆಗಳಿಗೆ ಹೊಸದಾಗಿ ಸೇರುವವರಲ್ಲಿ ಶೇ. 20 ಮಂದಿ ಐರಿಷ್ ಬಲ್ಲವರಿರಬೇಕು. ಫಿನ್ಲೆಂಡಿನ ಇನಾರಿ ಸಾಮಿ ಭಾಷೆಯ ಕತೆ ಇನ್ನೂ ಬಿಗಿಯಾದದ್ದು. ಆಡುವವರೇ ಕೆಲವು ನೂರು ಮಂದಿ. 1997ರಲ್ಲಿ ಶುರುವಾದ ಶಿಶುವಿಹಾರದಲ್ಲಿ ಆ ಭಾಷೆಯೊಂದನ್ನೇ ಆಡುತ್ತಾರೆ, ಮಕ್ಕಳು ಅದನ್ನು ಕೇಳುತ್ತಲೇ ಕಲಿಯುತ್ತಾರೆ. ಅವರು ಶಾಲೆಗೆ ಬಂದಾಗ ಕಲಿಸಲು ನಡುವಯಸ್ಸಿನವರಿಗೆ ಭಾಷೆ ಬರುತ್ತಿರಲಿಲ್ಲ. ಅದಕ್ಕಾಗಿ ವಯಸ್ಕರಿಗೇ ಒಂದು ವರ್ಷದ ಪೂರ್ಣಾವಧಿ ತರಬೇತಿ ನಡೆಸಿದರು. ಮುಂದಿನ ಶಿಕ್ಷಕರಲ್ಲಿ ಕೆಲವರು ಅಲ್ಲಿಂದಲೇ ಬಂದರು. ಪಠ್ಯಪುಸ್ತಕಕ್ಕೆ ಮೊದಲು ದುಡ್ಡಿಟ್ಟು ಶಿಕ್ಷಕರನ್ನು ಆಮೇಲೆ ಹುಡುಕುವ ಯೋಜನೆಗಳು ಎಡವುವುದು ಇಲ್ಲೇ.

ಸಂಸ್ಕೃತಿಯ ಅನುದಾನದಲ್ಲೂ ಹೀಗೆ. ಒಂದು ದಿನದ ಉತ್ಸವಕ್ಕೆ ಹಣ ಸುಲಭವಾಗಿ ಸಿಗುತ್ತದೆ: ಫೋಟೊ ಬರುತ್ತದೆ, ಬಳಕೆ ಪ್ರಮಾಣಪತ್ರ ಆರ್ಥಿಕ ವರ್ಷದೊಳಗೆ ಸೇರುತ್ತದೆ. ನಾಟಕ ತಂಡದ ಸಂಬಳ, ಮಕ್ಕಳ ಪತ್ರಿಕೆ, ನಿತ್ಯದ ಪ್ರಸಾರಕ್ಕೆ ಕನಿಷ್ಠ ಮೂರು ವರ್ಷಗಳ ಖಾತ್ರಿ ಬೇಕು. ಅರ್ಜಿ ಕರೆಯುವ ಅಧಿಸೂಚನೆಯಲ್ಲೇ ಉತ್ಸವಗಳಿಗೆ ಮಿತಿ ಹಾಕಿ, ಉಳಿದದ್ದು ನಿರಂತರ ಚಟುವಟಿಕೆಗೆಂದು ಬರೆದಿಟ್ಟರೆ ಮಾತ್ರ ಹಣ ಅತ್ತ ಹೋಗುತ್ತದೆ.