ಲಾಡಿ ಹೇಳದ ತೂಕ: ಮಹಿಳೆಯರ ಅಂದಾಜು ಮತ್ತು ಅಳತೆಯ ನಡುವಿನ ಅಂತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ನರ್ಸಿಂಗ್, ಸಮಾಜಕಾರ್ಯ, ಆಹಾರ ವಿಜ್ಞಾನ ಓದುತ್ತಾ ಕ್ಷೇತ್ರಕಾರ್ಯಕ್ಕೆ ಹೊರಟವರಿಗಾಗಿ ಈ ಟಿಪ್ಪಣಿ. ವಿಷಯ ಮೇಲ್ನೋಟಕ್ಕೆ ಸರಳ: ತನ್ನ ತೂಕದ ಬಗ್ಗೆ ಹೆಣ್ಣುಮಗಳು ಏನಂದುಕೊಂಡಿದ್ದಾಳೆ, ತಕ್ಕಡಿ ಏನು ಹೇಳುತ್ತದೆ, ಎರಡೂ ಎಷ್ಟರ ಮಟ್ಟಿಗೆ ತಾಳೆಯಾಗುತ್ತವೆ. ತಾಳೆಯಾಗದಿದ್ದರೆ 'ಮಹಿಳೆಯರಲ್ಲಿ ತಪ್ಪು ಕಲ್ಪನೆ ಇದೆ' ಎಂದು ಬರೆದು ವರದಿ ಮುಗಿಸುವುದು ರೂಢಿ. ಆ ವಾಕ್ಯ ಬರೆಯುವ ಮೊದಲು ನಾವು ಕೇಳಿದ ಪ್ರಶ್ನೆ, ಅಳೆದ ರೀತಿ, ಹಾಕಿದ ಗೆರೆ ಈ ಮೂರನ್ನೂ ಪರೀಕ್ಷಿಸಬೇಕು. ತಾಳೆಯಾಗದೆ ಉಳಿಯುವುದರಲ್ಲಿ ಒಂದು ಪಾಲು ಆಕೆಯ ಮನಸ್ಸಿನಲ್ಲಲ್ಲ, ನಮ್ಮ ಕೈಯಲ್ಲೇ ಹುಟ್ಟುತ್ತದೆ.

ಮೊದಲು ಹಿನ್ನೆಲೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 17.2ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಕಡಿಮೆ, ಶೇ. 30.1ರಷ್ಟು ಮಂದಿಯದು ಹೆಚ್ಚು. ಅದರ ಹಿಂದಿನ ಸುತ್ತಿನಲ್ಲಿ ಈ ಸಂಖ್ಯೆಗಳು 20.7 ಮತ್ತು 23.3 ಇದ್ದವು. ಅಂದರೆ ಸೊರಗಿದವರೂ ಮೈ ಬಂದವರೂ ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇದ್ದಾರೆ. ಭದ್ರಾ ನಾಲೆಯ ನೀರುಣ್ಣುವ ಹರಿಹರದ ಕಡೆಯ ಹಳ್ಳಿಗೂ, ಮಳೆ ನಂಬಿದ ಜಗಳೂರು, ಮೊಳಕಾಲ್ಮೂರು ಸೀಮೆಗೂ ಒಂದೇ ಊಹೆ ಹಿಡಿದು ಹೋಗಬಾರದು.

ಗೆರೆ ಎಲ್ಲಿ ಹಾಕುತ್ತೀರಿ

ಬಿಎಂಐ ಎಂದರೆ ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 18.5ಕ್ಕಿಂತ ಕೆಳಗೆ ಕಡಿಮೆ ತೂಕ, 25ರಿಂದ ಮೇಲೆ ಅಧಿಕ ತೂಕ, 30ರಿಂದ ಮೇಲೆ ಬೊಜ್ಜು. ಭಾರತೀಯರಿಗೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇನ್ನೂ ಕಡಿಮೆ ಬಿಎಂಐಗೇ ಅಂಟುವುದರಿಂದ 2009ರಲ್ಲಿ ನಮ್ಮ ದೇಶದ ತಜ್ಞರು ಅಧಿಕ ತೂಕಕ್ಕೆ 23, ಬೊಜ್ಜಿಗೆ 25 ಎಂದು ಗೆರೆ ಇಳಿಸಿದರು.

152 ಸೆಂ.ಮೀ. ಎತ್ತರದ ಒಬ್ಬ ಮಹಿಳೆಯನ್ನು ಇಟ್ಟುಕೊಂಡು ನೋಡಿ. ಆಕೆಗೆ ಬಿಎಂಐ 18.5 ಎಂದರೆ 42.7 ಕೆಜಿ, 23 ಎಂದರೆ 53.1 ಕೆಜಿ, 25 ಎಂದರೆ 57.8 ಕೆಜಿ. ಆಕೆ 55 ಕೆಜಿ ಇದ್ದು 'ನನ್ನ ತೂಕ ಸರಿಯಾಗಿದೆ' ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯ ಪ್ರಕಾರ ಹೇಳಿದ್ದು ಸರಿ, ಭಾರತೀಯ ಗೆರೆಯ ಪ್ರಕಾರ ತನ್ನ ತೂಕವನ್ನು ಕಡಿಮೆ ಅಂದಾಜಿಸಿದ್ದಾಳೆ. ಉತ್ತರ ಅದೇ, ಮೈ ಅದೇ. ಬದಲಾದದ್ದು ನಾವು ಹಾಕಿದ ಗೆರೆ ಮಾತ್ರ. ಆದ್ದರಿಂದ ಎರಡೂ ಗೆರೆಗಳಲ್ಲಿ ಲೆಕ್ಕ ಮಾಡಿ, ಎರಡನ್ನೂ ವರದಿಯಲ್ಲಿ ಕೊಡಿ. ಮೇಲಿನ 30.1 ಬಂದಿರುವುದು 25ರ ಗೆರೆಯಿಂದ. 23ರ ಗೆರೆಯಲ್ಲಿ ಬಂದ ನಿಮ್ಮ ಸಂಖ್ಯೆಯನ್ನು ಅದರ ಪಕ್ಕದಲ್ಲಿಟ್ಟು 'ನಮ್ಮ ಹಳ್ಳಿಯಲ್ಲಿ ಹೆಚ್ಚು' ಎನ್ನುವಂತಿಲ್ಲ.

ಪಿಯು ಕಾಲೇಜಿನ ಹುಡುಗಿಯರನ್ನು ಸೇರಿಸಿಕೊಂಡರೆ ಇನ್ನೊಂದು ಎಚ್ಚರ ಬೇಕು. 19 ವಯಸ್ಸಿನವರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ವಯಸ್ಸುವಾರು ಬಿಎಂಐ ಪಟ್ಟಿ ಇದೆ, ಅದನ್ನೇ ಬಳಸಿ. ಗರ್ಭಿಣಿಯರನ್ನೂ, ಹೆರಿಗೆಯಾಗಿ ಎರಡು ತಿಂಗಳು ತುಂಬದ ಬಾಣಂತಿಯರನ್ನೂ ಬಿಎಂಐ ಲೆಕ್ಕದಿಂದ ಹೊರಗಿಡಿ. ರಾಷ್ಟ್ರೀಯ ಸಮೀಕ್ಷೆಯೂ ಹೀಗೇ ಮಾಡುತ್ತದೆ.

ಪ್ರಶ್ನೆಯ ಮಾತು

ಇಂಗ್ಲಿಷ್ ಪ್ರಶ್ನಾವಳಿಯನ್ನು ಪದಕ್ಕೆ ಪದ ಇಳಿಸಿದರೆ ಕೆಲಸ ಕೆಡುತ್ತದೆ. ನಮ್ಮ ಕಡೆ 'ದಪ್ಪ' ಎಂಬುದು ಅಳತೆಯ ಮಾತಿಗಿಂತ ಹೆಚ್ಚಾಗಿ ಆಡಿಕೊಳ್ಳುವ ಮಾತು. 'ಸಣ್ಣ ಆಗೀಯಲ್ಲೇ' ಎಂದರೆ ಹೊಗಳಿಕೆಯಾಗಲೇಬೇಕೆಂದಿಲ್ಲ, ಕಾಯಿಲೆಯೋ ಗಂಡನ ಮನೆಯ ಕಷ್ಟವೋ ಎಂಬ ಆತಂಕ ಅದರೊಳಗಿರುತ್ತದೆ. 'ಮೈಕೈ ತುಂಬ್ಕಂಡೈತೆ' ಎಂಬುದು ಸುಖವಾಗಿದ್ದಾಳೆ ಎಂಬ ಮೆಚ್ಚುಗೆ, ಅದನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾದೀತೆಂಬ ಅಳುಕೂ ಜೊತೆಗಿರುತ್ತದೆ. ಇಷ್ಟೆಲ್ಲ ಹೊತ್ತ ಪದಗಳನ್ನು ಮುಂದಿಟ್ಟು 'ನೀವು ದಪ್ಪ ಇದೀರಾ, ಸಣ್ಣ ಇದೀರಾ' ಎಂದು ಕೇಳಿದರೆ ಬರುವ ಉತ್ತರ ತೂಕದ್ದಲ್ಲ, ಮರ್ಯಾದೆಯದು.

ನಮಗೆ ಸರಿ ಕಾಣುವ ಪ್ರಶ್ನೆ ಇದು: 'ಅಕ್ಕಾ, ನಿಮ್ಮ ಎತ್ತರಕ್ಕೆ ನಿಮ್ಮ ತೂಕ ಹೆಂಗೈತೆ ಅನ್ಸುತ್ತೆ? ತೀರಾ ಕಡಿಮೆ, ಸ್ವಲ್ಪ ಕಡಿಮೆ, ಸರಿಯಾಗೈತೆ, ಸ್ವಲ್ಪ ಜಾಸ್ತಿ, ತೀರಾ ಜಾಸ್ತಿ?' ಐದೂ ಆಯ್ಕೆಗಳನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಓದಿ. 'ನಮ್ಮತ್ತಿಗೆಗಿಂತ ಸಣ್ಣ ಇದೀನಿ' ಎಂಬಂಥ ಉತ್ತರ ಬಂದರೆ ಅದನ್ನು ಹಾಗೇ ಬರೆದುಕೊಂಡು, ಎತ್ತರಕ್ಕೆ ಹೋಲಿಸಿ ಹೇಳಿ ಎಂದು ಇನ್ನೊಂದು ಸಲ ಕೇಳಿ. ಈ ಮೊದಲ ಉತ್ತರಕ್ಕೆ ಬೆಲೆ ಇದೆ. ಅಂದಾಜು ಹುಟ್ಟುವುದೇ ಹೋಲಿಕೆಯಿಂದ. ಸುತ್ತಲಿನವರೆಲ್ಲ ತೂಕ ಏರಿಸಿಕೊಂಡಾಗ 'ಸರಿ' ಎಂಬುದರ ಜಾಗವೂ ಮೇಲಕ್ಕೆ ಸರಿಯುತ್ತದೆ.

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸಿಹೋಗುತ್ತವೆ. ನಾನು ಹೇಗಿದ್ದೇನೆ ಎಂಬ ಅಂದಾಜು ಒಂದು. ಇದು ನನಗೆ ಒಪ್ಪಿಗೆಯೇ ಎಂಬ ಸಮಾಧಾನ ಇನ್ನೊಂದು. ಇಳಿಸಬೇಕು ಅಥವಾ ಏರಿಸಬೇಕು ಎಂಬ ಇರಾದೆ ಮತ್ತೊಂದು. ತನ್ನ ತೂಕ ಜಾಸ್ತಿ ಎಂದು ಸರಿಯಾಗಿಯೇ ಗೊತ್ತಿದ್ದು, ಅದರ ಬಗ್ಗೆ ಬೇಸರವಿಲ್ಲದವರು ಇರುತ್ತಾರೆ. 1983ರಲ್ಲಿ ಬಂದ ಸ್ಟಂಕಾರ್ಡ್ ಚಿತ್ರಮಾಲೆಯಲ್ಲಿ ತೆಳ್ಳನೆಯದರಿಂದ ತೀರಾ ದಪ್ಪದವರೆಗೆ ಒಂಬತ್ತು ಆಕೃತಿಗಳಿವೆ. 'ಈಗ ನೀವು ಯಾವುದು, ಯಾವುದರ ಹಾಗೆ ಇರಬೇಕು ಅಂತ ಆಸೆ' ಎಂದು ಎರಡು ಸಲ ಕೇಳಿ, ಒಂದು ಆಕೃತಿಯ ಕ್ರಮಸಂಖ್ಯೆಯಿಂದ ಇನ್ನೊಂದರದನ್ನು ಕಳೆದರೆ ಸಿಗುವುದು ಅಸಮಾಧಾನದ ಅಳತೆ. ಅದನ್ನೇ ತಪ್ಪು ಅಂದಾಜು ಎಂದು ವರದಿಯಲ್ಲಿ ಬರೆಯಬೇಡಿ.

ಕೇಳುವುದು ಮೊದಲು, ಅಳೆಯುವುದು ಆಮೇಲೆ. ಈ ಕ್ರಮ ತಿರುವುಮುರುವಾದರೆ ಆಕೆ ತಕ್ಕಡಿಯ ಅಂಕಿ ನೋಡಿಯೇ ಉತ್ತರ ಕೊಡುತ್ತಾಳೆ. ಅತ್ತೆ, ನಾದಿನಿ, ಪಕ್ಕದ ಮನೆಯವರು ಎದುರಿಗೆ ಕೂತಿದ್ದಾಗ ಕೇಳಬೇಡಿ. ಅಂಗನವಾಡಿಯಲ್ಲಿ ಸಾಲು ನಿಲ್ಲಿಸಿ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳುವುದಂತೂ ಕೂಡದು. ಅದು ಉತ್ತರವನ್ನು ಕೆಡಿಸುತ್ತದೆ, ಮನಸ್ಸನ್ನೂ ನೋಯಿಸುತ್ತದೆ.

ಬಳೆ, ಜಾಕೀಟು, ಲಾಡಿ

ಹಳ್ಳಿಯ ಎಷ್ಟೋ ಮಹಿಳೆಯರು ಕೆಜಿ ನೋಡಿದ್ದು ಬಸುರಿಯಾಗಿದ್ದಾಗ ತಾಯಿ ಕಾರ್ಡಿನಲ್ಲಿ. ಉಳಿದಂತೆ ಅವರ ಕೈಗೆ ಸಿಗುವ ಅಳತೆಗಳು ಬಳೆ, ಜಾಕೀಟು (ರವಿಕೆ), ಸೀರೆ. ಇವು ತೂಕದ ಬಗ್ಗೆ ಏನು ಹೇಳುತ್ತವೆ ಎಂದು ಯೋಚಿಸಿದರೆ ಅಂದಾಜು ಎಲ್ಲಿ ಜಾರುತ್ತದೆ ಎಂಬುದು ತಿಳಿಯುತ್ತದೆ. ಬಳೆಯ 2.4, 2.6 ಎಂಬ ಸೈಜು ಎರಡು ಇಂಚಿನ ಮೇಲೆ ಹದಿನಾರನೇ ಪಾಲು ಎಷ್ಟು ಎಂದು ಹೇಳುವ ಲೆಕ್ಕ: 2.4 ಎಂದರೆ ಎರಡೂಕಾಲು ಇಂಚಿನ ವ್ಯಾಸ. ಬಳೆ ದಾಟಬೇಕಾದದ್ದು ಅಂಗೈಯ ಗೆಣ್ಣುಗಳನ್ನು. ಹೊಟ್ಟೆ ಸುತ್ತ ಕೊಬ್ಬು ಕೂಡಿದಷ್ಟು ಆ ಮೂಳೆ ಅಗಲವಾಗುವುದಿಲ್ಲ. ಮದುವೆಯಲ್ಲಿ ತೊಟ್ಟ ಸೈಜೇ ಹತ್ತು ವರ್ಷದ ಮೇಲೂ ಆಗುತ್ತಿದ್ದರೆ 'ನಾನೇನೂ ಬದಲಾಗಿಲ್ಲ' ಎಂದು ಅನ್ನಿಸುವುದು ಸಹಜ.

ಸೀರೆಗೆ ಸೊಂಟದ ಸೈಜೇ ಇಲ್ಲ. ಲಂಗದ ಲಾಡಿಯನ್ನು ಒಂದು ಗೇಣು ಸಡಿಲ ಬಿಟ್ಟು ಕಟ್ಟಿದರೆ ಮುಗಿಯಿತು, ನೆರಿಗೆ ಒಂದು ಕಡಿಮೆಯಾಗುತ್ತದೆ ಅಷ್ಟೇ. ಎಲಾಸ್ಟಿಕ್ ಇರುವ ಲೆಗ್ಗಿಂಗ್ಸ್, ನೈಟಿ ಕೂಡ ಹೀಗೇ. ಬಿಗಿಯಾಗಿ ಸುದ್ದಿ ಮುಟ್ಟಿಸುವುದು ಜಾಕೀಟು ಒಂದೇ, ಅದೂ ತೋಳು, ಎದೆಯ ಸುದ್ದಿಯೇ ಹೊರತು ಹೊಟ್ಟೆಯದಲ್ಲ. ಒಳಹೊಲಿಗೆ ಬಿಚ್ಚಿಸಿಕೊಂಡರೆ ಅದೂ ಸುಮ್ಮನಾಗುತ್ತದೆ. ಪ್ರಶ್ನಾವಳಿಗೆ ಒಂದು ಸಾಲು ಸೇರಿಸಿ: 'ಮೈ ಬಂದದ್ದು ಅಥವಾ ಇಳಿದದ್ದು ನಿಮಗೆ ಯಾವುದರಿಂದ ಗೊತ್ತಾಗುತ್ತೆ?' ವಿಶ್ಲೇಷಣೆಯಲ್ಲಿ ಇಷ್ಟು ಉಪಯೋಗಕ್ಕೆ ಬರುವ ಸಾಲು ಇನ್ನೊಂದಿಲ್ಲ.

ಅಳೆಯುವಾಗ ಕೆಡುವುದು

ಡಿಜಿಟಲ್ ತಕ್ಕಡಿ 100 ಗ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸಬೇಕು. ಸ್ಪ್ರಿಂಗ್ ತಕ್ಕಡಿ ಬೇಡ, ಮುಳ್ಳು ಸೊನ್ನೆಯಲ್ಲಿ ನಿಲ್ಲುವುದಿಲ್ಲ. ದಿನಾ ಬೆಳಿಗ್ಗೆ ಸರ್ಕಾರಿ ಮುದ್ರೆ ಬಿದ್ದ 10 ಕೆಜಿಯ ಎರಡು ತೂಕದ ಕಲ್ಲುಗಳನ್ನಿಟ್ಟು 20 ತೋರಿಸುತ್ತದೆಯೇ ನೋಡಿ. ಸಗಣಿ ಸಾರಿಸಿದ ಮಣ್ಣಿನ ನೆಲ, ಚಾಪೆಯ ಮೇಲೆ ತಕ್ಕಡಿ ಅಲುಗಿ ತಪ್ಪು ತೋರಿಸಬಹುದು. ಗಟ್ಟಿ ಪ್ಲೈವುಡ್ ಹಲಗೆಯೊಂದನ್ನು ಜೊತೆಗೊಯ್ಯಿರಿ.

ಹತ್ತಿ ಸೀರೆ, ಲಂಗ, ಜಾಕೀಟು ಸೇರಿ ಒಂದು ಕೆಜಿಯ ಆಸುಪಾಸು ಇರುತ್ತದೆ. ಮೊಳಕಾಲ್ಮೂರು ರೇಷ್ಮೆಯುಟ್ಟು ಮದುವೆಗೆ ಹೊರಟವರನ್ನು ಅಂದು ತೂಗಬೇಡಿ. ಒಂದು ಜೊತೆ ಬಟ್ಟೆಯನ್ನು ಬೇರೆಯಾಗಿ ತೂಗಿ, ಎಲ್ಲರಿಗೂ ಅಷ್ಟೇ ಕಳೆಯಿರಿ, ಕಳೆದದ್ದನ್ನು ವರದಿಯಲ್ಲಿ ಹೇಳಿ. ಸೊಂಟದ ಬೀಗದ ಕೈಗೊಂಚಲು, ಮೊಬೈಲು, ಎಲೆಅಡಿಕೆ ಚೀಲ ಕೆಳಗಿಡಲಿ.

ಎತ್ತರದಲ್ಲಿ ಆಗುವ ತಪ್ಪು ಇನ್ನೂ ದುಬಾರಿ. ತುರುಬು, ಕ್ಲಿಪ್ಪು, ಮಲ್ಲಿಗೆ ದಂಡೆಯ ಮೇಲೆ ಎತ್ತರ ಅಳೆಯುವ ಹಲಗೆ ಕೂತರೆ ಎರಡು ಸೆಂ.ಮೀ. ಏರುತ್ತದೆ. 58 ಕೆಜಿ, 152 ಸೆಂ.ಮೀ. ಆದರೆ ಬಿಎಂಐ 25.1. ಅದೇ 58 ಕೆಜಿ, 154 ಸೆಂ.ಮೀ. ಎಂದು ಬರೆದರೆ 24.5. ಒಂದು ತುರುಬು ಆಕೆಯನ್ನು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ತಳ್ಳಿತು. ಕೂದಲು ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಕಣ್ಣಿನ ಗೂಡಿನ ಕೆಳ ಅಂಚೂ ಕಿವಿಯ ರಂಧ್ರದ ಮೇಲಂಚೂ ಒಂದೇ ಮಟ್ಟದಲ್ಲಿರುವಂತೆ ತಲೆ ನಿಲ್ಲಿಸಿ. ಎರಡು ಸಲ ಅಳೆಯಿರಿ, ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ. ಬಾಯಿಮಾತಿನ ಎತ್ತರ, ತೂಕ ನಂಬಿ ಬಿಎಂಐ ಹಾಕಬೇಡಿ. ಜನ ಎತ್ತರವನ್ನು ಹೆಚ್ಚಿಸಿ, ತೂಕವನ್ನು ಇಳಿಸಿ ಹೇಳುವುದು ಬಹಳ ದೇಶಗಳಲ್ಲಿ ಕಂಡ ಸಂಗತಿ.

ಸೊಂಟದ ಸುತ್ತಳತೆ ತೆಗೆಯಬೇಕಾದ ಜಾಗ ಕೊನೆಯ ಪಕ್ಕೆಲುಬಿನ ಕೆಳಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ. ಎರಡನ್ನೂ ಬೆರಳಿನಿಂದ ಒತ್ತಿ ಹುಡುಕಿ, ನಡುವೆ ಪೆನ್ನಿನ ಗುರುತು ಹಾಕಿ. ಹೊಸಬರು ಟೇಪನ್ನು ಲಾಡಿ ಮೂಡಿಸಿದ ಗೆರೆಯ ಮೇಲೇ ಇಡುತ್ತಾರೆ, ಕಣ್ಣಿಗೆ ಸಿದ್ಧವಾಗಿ ಕಾಣುವುದು ಅದು. ಆ ಗೆರೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ, ಅಲ್ಲಿನ ಚರ್ಮವೂ ಒಳಗೆ ಒತ್ತಿರುತ್ತದೆ. ಲಾಡಿ ಸಡಿಲಿಸಿ ಕೆಳಗಿಳಿಸಿ, ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಮಹಿಳೆಯರಿಗೆ 80 ಸೆಂ.ಮೀ. ಎಚ್ಚರದ ಗೆರೆ. ಬಿಎಂಐ 22 ಇದ್ದು ಸೊಂಟ 84 ಇರುವವರು ಸಿಗುತ್ತಾರೆ. 'ನಾನು ಸರಿಯಾಗಿದೀನಿ' ಎನ್ನುತ್ತಾರೆ, ಬಿಎಂಐಯೂ ಹೌದು ಎನ್ನುತ್ತದೆ, ಅಪಾಯ ಇಬ್ಬರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕಾಗಿ ಸೊಂಟ ಅಳೆಯದೆ ಬರಬೇಡಿ.

ತಾಳೆಯ ಲೆಕ್ಕ

ಅಭ್ಯಾಸಕ್ಕೆಂದು ಕಲ್ಪಿಸಿಕೊಂಡ ಸಂಖ್ಯೆಗಳಿವು, ಯಾವ ಊರಿನವೂ ಅಲ್ಲ. ಐದು ಉತ್ತರಗಳನ್ನು ಮೂರಕ್ಕೆ ಇಳಿಸಿ 100 ಮಹಿಳೆಯರನ್ನು ತೆಗೆದುಕೊಳ್ಳಿ. ಅಳತೆಯಲ್ಲಿ ಕಡಿಮೆ ತೂಕದ 20 ಮಂದಿಯಲ್ಲಿ 'ಕಡಿಮೆ' ಎಂದವರು 10, 'ಸರಿ' 9, 'ಜಾಸ್ತಿ' 1. ಸಾಮಾನ್ಯ ತೂಕದ 40ರಲ್ಲಿ ಅದೇ ಕ್ರಮದಲ್ಲಿ 8, 26, 6. ಅಧಿಕ ತೂಕದ 40ರಲ್ಲಿ 1, 21, 18. ಸರಿಯಾಗಿ ಹೇಳಿದವರು 10, 26, 18 ಸೇರಿ 54. ಹಾಗೆಂದು ಶೇ. 54 ತಾಳೆ ಎಂದು ನಿಲ್ಲಿಸಬಾರದು, ಕಣ್ಣು ಮುಚ್ಚಿ ಹೇಳಿದ್ದರೂ ಕೆಲವು ಸರಿಯಾಗುತ್ತಿದ್ದವು. ನೂರರಲ್ಲಿ 'ಕಡಿಮೆ' ಎಂದವರು ಒಟ್ಟು 19, 'ಸರಿ' 56, 'ಜಾಸ್ತಿ' 25. ಅಳತೆಯ ಪಾಲನ್ನು ಉತ್ತರದ ಪಾಲಿನಿಂದ ಗುಣಿಸಿ 0.20 × 0.19, 0.40 × 0.56, 0.40 × 0.25 ಕೂಡಿದರೆ ಹಾಗೆ ಸರಿಯಾಗುವ ಪಾಲು 0.362. ಈ ಆಕಸ್ಮಿಕ ಪಾಲನ್ನು ತೆಗೆದು ತಾಳೆಯನ್ನು ಅಳೆಯುವ ಕೊಹೆನ್ ಕಪ್ಪಾ ಎಂದರೆ 0.54ರಿಂದ 0.362 ಕಳೆದು, 1ರಿಂದ 0.362 ಕಳೆದ ಉಳಿಕೆಯಿಂದ ಭಾಗಿಸಿದ್ದು: 0.28. ಲ್ಯಾಂಡಿಸ್ ಮತ್ತು ಕೋಚ್ ಅವರ 1977ರ ಪಟ್ಟಿಯಲ್ಲಿ 0.21ರಿಂದ 0.40 ಸಾಧಾರಣ ತಾಳೆಯ ಸಾಲು.

ಕಪ್ಪಾ ಒಂದನ್ನೇ ಕೊಟ್ಟರೆ ದಿಕ್ಕು ತಿಳಿಯದು. ಮೇಲಿನ ಪಟ್ಟಿಯಲ್ಲಿ ತಾಳೆಯಾಗದ 46ರಲ್ಲಿ ತೂಕವನ್ನು ಕಡಿಮೆ ಅಂದಾಜಿಸಿದವರು 30, ಹೆಚ್ಚು ಅಂದಾಜಿಸಿದವರು 16. ಸೊರಗಿದ್ದೂ 'ಸರಿಯಾಗಿದೀನಿ' ಎನ್ನುವ 9 ಮಂದಿಯನ್ನು ಮರೆಯಬೇಡಿ. ಬೊಜ್ಜಿನ ಮಾತಿನ ಅಬ್ಬರದಲ್ಲಿ ಇವರಲ್ಲಿರಬಹುದಾದ ರಕ್ತಹೀನತೆ ಕಾಣದೆ ಹೋಗುತ್ತದೆ. 'ಕಡಿಮೆ'ಯಿಂದ 'ಜಾಸ್ತಿ'ಗೆ ಎರಡು ಮೆಟ್ಟಿಲು ಜಿಗಿದ ತಪ್ಪಿಗೆ ಹೆಚ್ಚು ಭಾರ ಕೊಡಬೇಕೆಂದಿದ್ದರೆ ಭಾರ ಕೊಟ್ಟ ಕಪ್ಪಾ (weighted kappa) ಬಳಸಿ.

ಹೊರಡುವ ಮುನ್ನ

ಅಳತೆ ನಮ್ಮ ಹಾಳೆಯಲ್ಲಷ್ಟೇ ಉಳಿಯಬಾರದು. ಎತ್ತರ, ತೂಕ, ಸೊಂಟ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಆಕೆಯ ಕೈಗೇ ಕೊಡಿ. ಓದಲು ಬಾರದಿದ್ದರೆ ಮೆಲ್ಲಗೆ ಓದಿ ಹೇಳಿ. 18.5ಕ್ಕಿಂತ ಕಡಿಮೆ ಇದ್ದವರಿಗೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆಗೆ, ಸೊಂಟ 80 ದಾಟಿದವರಿಗೆ ಬಿಪಿ, ಸಕ್ಕರೆ ಪರೀಕ್ಷೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ತೋರಿಸಿ. 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ, ಕಾಯಿಲೆಯ ಅಪಾಯ ಅಂದಾಜಿಸುವ ಸಿಬ್ಯಾಕ್ (CBAC) ನಮೂನೆಯಲ್ಲಿ ಸೊಂಟದ ಸುತ್ತಳತೆಗೆ ಅಂಕವಿದೆ: ಮಹಿಳೆಯರಿಗೆ 80 ಸೆಂ.ಮೀ.ವರೆಗೆ ಸೊನ್ನೆ, 81ರಿಂದ 90ಕ್ಕೆ ಒಂದು, ಅದಕ್ಕೂ ಮೇಲೆ ಎರಡು. ಆಕೆ ಒಪ್ಪಿದರೆ, ನೀವು ಗುರುತು ಹಾಕಿ ಅಳೆದ ಸಂಖ್ಯೆಯನ್ನು ಆ ಊರಿನ ಆಶಾ ಅಕ್ಕನಿಗೂ ತಲುಪಿಸಿ.