ಘಟ್ಟದ ದಾರಿ ಮತ್ತು ಗೇರ್‌ಬಾಕ್ಸಿನ ಎಣ್ಣೆ

ಗೋವಾದ ಫೋಂಡಾ, ಮಾಪುಸಾ, ವಾಸ್ಕೋಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಚೋರ್ಲಾ ಅಥವಾ ಅನಮೋಡ ಘಾಟಿನ ದಾರಿಯಲ್ಲೇ ಊರಿಗೆ ಹೋಗಿಬರುತ್ತಾರೆ. ಆಟೋಮ್ಯಾಟಿಕ್ ಗೇರಿನ ಪಿಕಪ್ ಇಟ್ಟುಕೊಂಡವರಿಗೆ ಅದರ ದೋಷ ಮೊದಲು ಕಾಣಿಸುವುದೂ ಸಾಮಾನ್ಯವಾಗಿ ಇಂಥ ಏರಿನಲ್ಲಿಯೇ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ‘ಡಿ’ಗೆ ಹಾಕಿದ ಮೇಲೂ ಗಾಡಿ ಕ್ಷಣಕಾಲ ಅನುಮಾನಿಸಿ ಆಮೇಲೆ ಧಡಕ್ಕನೆ ಹೊರಡುತ್ತದೆ. ಗೇರ್‌ಬಾಕ್ಸನ್ನೇ ಬಿಚ್ಚಿಸುವ ಮಾತಿಗೆ ಮೊದಲು ಅದರೊಳಗಿನ ಎಣ್ಣೆಯನ್ನು ನೋಡಬೇಕು. ಏಕೆಂದರೆ ಇಂಜಿನ್ನಿನ ಶಕ್ತಿಯನ್ನು ಸಾಗಿಸುವುದು, ಕ್ಲಚ್ ಫಲಕಗಳನ್ನು ಒತ್ತಿ ಹಿಡಿಯುವುದು, ಹುಟ್ಟಿದ ಬಿಸಿಯನ್ನು ಹೊರಗೊಯ್ಯುವುದು, ಈ ಮೂರೂ ಆ ಎಣ್ಣೆಯದೇ ಕೆಲಸ.

ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟ್ ಪಡೆದ ತತ್ತ್ವವೇ ಇಂದಿನ ಟಾರ್ಕ್ ಕನ್ವರ್ಟರಿನಲ್ಲಿ, ಅಂದರೆ ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರುಗಳಿಗೆ ದಾಟಿಸುವ ಭಾಗದಲ್ಲಿ, ಇದೆ. ಇಂಜಿನ್ ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ರಭಸದಿಂದ ಎಸೆಯುತ್ತವೆ, ಆ ಎಣ್ಣೆ ಎದುರಿನ ರೆಕ್ಕೆಗಳನ್ನು ತಿರುಗಿಸುತ್ತದೆ. ಎರಡರ ವೇಗಗಳ ನಡುವಿನ ಅಂತರ ಹೆಚ್ಚಿದಷ್ಟೂ ಹೆಚ್ಚು ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತದೆ. ಏರಿನಲ್ಲಿ ಬ್ರೇಕ್ ಬಿಟ್ಟು, ಆಕ್ಸಿಲರೇಟರಿನಿಂದಲೇ ಗಾಡಿಯನ್ನು ಹಿಂದೆ ಜಾರದಂತೆ ನಿಲ್ಲಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಆಗ ಚಕ್ರ ತಿರುಗುವುದಿಲ್ಲವಾದ್ದರಿಂದ ಕನ್ವರ್ಟರಿಗೆ ಬಂದ ಶಕ್ತಿಯೆಲ್ಲವೂ ಬಿಸಿಯೇ. 30 ಕಿಲೋವಾಟ್ ಶಕ್ತಿ 10 ಲೀಟರ್ ಎಣ್ಣೆಗೆ ಸೇರಿತೆಂದು ಲೆಕ್ಕ ಹಾಕಿದರೆ, ಎಣ್ಣೆಯನ್ನು ತಣಿಸುವ ಕೂಲರ್ ಇಲ್ಲದಿದ್ದಲ್ಲಿ, ಸೆಕೆಂಡಿಗೆ ಒಂದೂವರೆ ಡಿಗ್ರಿಗೂ ಹೆಚ್ಚು ಉಷ್ಣತೆ ಏರುತ್ತದೆ. ಅರ್ಧ ನಿಮಿಷದಲ್ಲಿ ಅದು ಸುಮಾರು 50 ಡಿಗ್ರಿ! ಉಷ್ಣತೆ 10 ಡಿಗ್ರಿ ಏರಿದರೆ ಎಣ್ಣೆ ಕೆಡುವ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಎರಡು ಪಟ್ಟಾಗುತ್ತದೆ ಎಂಬುದನ್ನೂ ಇದರೊಡನೆ ಸೇರಿಸಿಕೊಂಡರೆ, ಲಾರಿಯ ಹಿಂದೆ ತೆವಳುತ್ತ ಹತ್ತಿದ ಒಂದು ಘಟ್ಟ ಬಯಲಿನ ಎಷ್ಟು ಓಡಾಟಕ್ಕೆ ಸಮವೆಂಬುದು ತಿಳಿಯುತ್ತದೆ.

ಹೊಸ ಎಣ್ಣೆ ಸಾಮಾನ್ಯವಾಗಿ ತಿಳಿಗೆಂಪು. ಅದು ಕಪ್ಪಗಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಫಲಕಗಳ ಘರ್ಷಣ ಪದರ ಸವೆದು ಅದರಲ್ಲಿ ಬೆರೆತಿರುವ ಸಾಧ್ಯತೆ ಹೆಚ್ಚು. ಸ್ಟ್ರಾಬೆರಿ ಹಾಲಿನಂತೆ ನಸುಗೆಂಪಾಗಿ ನೊರೆಗಟ್ಟಿದ್ದರೆ ನೀರು ಸೇರಿದೆ ಎಂದರ್ಥ: ರೇಡಿಯೇಟರಿನೊಳಗಿನ ಕೂಲರ್ ಸೋರಿ ಕೂಲಂಟ್ ಬಂದಿರಬಹುದು, ಇಲ್ಲವೇ ಗೋವಾದ ಮಳೆಗಾಲದಲ್ಲಿ ಗಾಡಿಯನ್ನು ಆಳದ ನೀರಿಗೆ ಇಳಿಸಿದಾಗ ಗೇರ್‌ಬಾಕ್ಸಿನ ಗಾಳಿಕೊಳವೆಯ ಮೂಲಕ ಹೊಕ್ಕಿರಬಹುದು. ನೀರು ಫಲಕಗಳ ಘರ್ಷಣ ಪದರವನ್ನು ಹಿಡಿದಿಟ್ಟಿರುವ ಅಂಟನ್ನೇ ಸಡಿಲಿಸುವುದರಿಂದ ಇಂಥ ಗಾಡಿಯನ್ನು ಮುಂದೆ ಓಡಿಸಲೇಬಾರದು.

ಎಣ್ಣೆ ಬದಲಿಸಿದ್ದರಿಂದಲೇ ಗೇರ್‌ಬಾಕ್ಸ್ ಹೋಯಿತು ಎಂಬ ದೂರು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಫಲಕಗಳು ಅದಕ್ಕೂ ಮೊದಲೇ ಸವೆದಿದ್ದವು, ಎಣ್ಣೆಗೆ ಅನ್ಯಾಯವಾಗಿ ಅಪವಾದ ಬಂತು ಎಂಬುದು ನನ್ನ ಅಭಿಪ್ರಾಯ. ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಸಂಕೇತಗಳನ್ನು ಓದುವ ಸ್ಕ್ಯಾನರ್ ಇಲ್ಲಿ ನೆರವಾಗುತ್ತದೆ. ಒಳಹೋಗುವ ಮತ್ತು ಹೊರಬರುವ ದಂಡಗಳ ವೇಗವನ್ನು ಸೆನ್ಸರುಗಳು ಅಳೆಯುತ್ತವೆ. ಅವುಗಳ ಅನುಪಾತ ಆ ಗೇರಿಗೆ ತಕ್ಕಂತಿಲ್ಲದಿದ್ದರೆ ಕಂಪ್ಯೂಟರ್ ಪಿ0730 ಎಂಬ ಸಂಕೇತವನ್ನು ದಾಖಲಿಸುತ್ತದೆ. ಪಿ0700 ಮಾತ್ರ ಕಂಡರೆ ಅದು ದೋಷವಿದೆ ಎಂಬ ಸಾಮಾನ್ಯ ಸೂಚನೆಯಷ್ಟೇ. ಅದೊಂದನ್ನೇ ನಂಬಿ ದುಬಾರಿ ದುರಸ್ತಿಗೆ ಒಪ್ಪಬೇಡಿ.

ಘಟ್ಟದಲ್ಲಿ ಉಷ್ಣತೆಯ ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲು ಬಿಡಿ. ಎಣ್ಣೆಯ ಪಂಪನ್ನು ತಿರುಗಿಸುವುದು ಇಂಜಿನ್. ಅದನ್ನು ಆರಿಸಿದರೆ ಕೂಲರಿಗೆ ಹೋಗುವ ಎಣ್ಣೆಯೂ ನಿಲ್ಲುತ್ತದೆ. ಕೆಟ್ಟ ಗಾಡಿಗೆ ಹಗ್ಗ ಕಟ್ಟಿ ಎಳೆಸುವುದು ಅಪಾಯಕಾರಿಯಾಗುವುದೂ ಇದೇ ಕಾರಣಕ್ಕೆ: ಹಿಂದಿನ ಚಕ್ರಗಳು ಒಳಗಿನ ಗೇರುಗಳನ್ನು ತಿರುಗಿಸುತ್ತಿರುತ್ತವೆ, ಆದರೆ ಅವುಗಳಿಗೆ ಎಣ್ಣೆ ತಲುಪುವುದಿಲ್ಲ. ಗಾಡಿಯನ್ನು ಪೂರ್ತಿಯಾಗಿ ಟ್ರಕ್ಕಿನ ಮೇಲೇರಿಸಿ ಸಾಗಿಸುವುದೇ ಕ್ಷೇಮ.

ಕೊನೆಗೆ ಗೇರ್‌ಬಾಕ್ಸ್ ಬಿಚ್ಚಿಸಲೇಬೇಕಾಗಿ ಬಂದರೆ, ಕೆಳಗಿನ ತಟ್ಟೆಯನ್ನು ಕಳಚುವಾಗ ನೀವೇ ಎದುರಿಗಿದ್ದು ಅದರೊಳಗಿನ ಅಯಸ್ಕಾಂತವನ್ನು ನೋಡಿ. ಅದಕ್ಕೆ ಅಂಟಿದ ನುಣುಪಾದ ಬೂದು ಕೆಸರು ಸಹಜ ಸವೆತದ್ದು. ಬೆರಳಿಗೆ ತಾಗುವ, ಹೊಳೆಯುವ ಚೂರುಗಳು ಬೇರಿಂಗ್ ಅಥವಾ ಗೇರು ಒಡೆದಿರುವುದರ ಗುರುತು. ಹಾಗಿದ್ದಲ್ಲಿ ಕೂಲರನ್ನೂ ಅದರ ಕೊಳವೆಗಳನ್ನೂ ತೊಳೆಸದೆ, ಅಗತ್ಯವಿದ್ದರೆ ಬದಲಿಸದೆ, ಹೊಸ ಗೇರ್‌ಬಾಕ್ಸ್ ಜೋಡಿಸಲು ಬಿಡಬೇಡಿ. ಅಲ್ಲಿ ಉಳಿದ ಚೂರುಗಳು ನೇರವಾಗಿ ಅದರೊಳಗೇ ಬರುತ್ತವೆ.